ಬಾಗಿಲಕ್ಕ ಕಂಡ ಕೊನೆಯ ಬೆನ್ನಾಟ

ಉದ್ದಗಲ್ಲಿಯಲ್ಲಿ ಯಾವ ಬಾಗಿಲು ಕಿರುಗುಟ್ಟಿದರೂ ಅದು ಯಾರ ಮನೆಯದೆಂದು ಬಾಗಿಲಕ್ಕನಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಆ ಗಲ್ಲಿಯ ಬಾಗಿಲುಗಳನ್ನು ಮಾಡಿದವರು ಒಂದೋ ಅವಳು, ಇಲ್ಲವೇ ಅವಳ ಅಪ್ಪ. ಗಲ್ಲಿಯ ಕಟ್ಟಕಡೆಯ ಮನೆ ಅವಳದು. ಮುಂದೆ ಕೆಲಸದ ಕೊಟ್ಟಿಗೆ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಮರದ ಹೊಟ್ಟಿನ ಸುರುಳಿಗಳು ಕೊಟ್ಟಿಗೆಯಲ್ಲಿ ಹುಟ್ಟಿ, ಕೋಣೆಯನ್ನು ದಾಟಿ, ಅಡುಗೆಮನೆಯವರೆಗೂ ಹೋಗಿ ಕೂರುತ್ತಿದ್ದವು. ಅವಳ ಕೂದಲಲ್ಲಿ ಯಾವಾಗಲೂ ಒಂದೆರಡು ಸಿಕ್ಕಿಕೊಂಡಿರುತ್ತಿದ್ದವು.

"ಅತ್ತೆ ಮನೆ ಊಟ ಹಲ್ಲಿಗೆ ಭಾಳ ಒಳ್ಳೇದು, ಜೊತೆಗೇ ಕಡ್ಡೀನೂ ಬಡಿಸ್ತಾರೆ," ಎಂದು ಅವಳ ಅಳಿಯ ಬಂದಾಗಲೆಲ್ಲ ಹೇಳುತ್ತಿದ್ದ. ಹೇಳಿ ತಾನೇ ನಗುತ್ತಿದ್ದ. ಆ ನಗುವಿನ ವಿಷಯ ಮುಂದೆ ಬರುತ್ತದೆ.

ಬಾಗಿಲಿನ ಕೆಲಸವನ್ನು ಅವಳು ಅಪ್ಪನ ಪಕ್ಕ ನಿಂತು ಕಲಿತಳು. ಅಣ್ಣಂದಿರಿದ್ದರು, ಆದರೆ ಅವರಿಗೆ ಗರಗಸದ ಸದ್ದು ಕೇಳಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಇವಳಿಗೆ ಅದೇ ಸದ್ದಿಗೆ ನಿದ್ದೆ ಬರುತ್ತಿತ್ತು. ಅವಳು ಮೊದಲ ಸಲ ಹಲಗೆ ನುಣುಪು ಮಾಡುವ ಕೀಸುಳಿ ಹಿಡಿದ ದಿನ ಅಪ್ಪ ಹೇಳಿದ ಮಾತು ಇಷ್ಟೇ: "ಬಾಗಿಲು ಅಂದ್ರೆ ಹಲಗೆ ಅಲ್ಲ ಕಣೇ, ಸಂದು. ಹಲಗೆಗೂ ಹೊಸ್ತಿಲಿಗೂ ನಡುವೆ ಎಷ್ಟು ಜಾಗ ಬಿಡ್ತೀಯ ಅನ್ನೋದೇ ಕೆಲಸ. ಜಾಸ್ತಿ ಬಿಟ್ರೆ ಇಲಿ ಬರತ್ತೆ. ಕಮ್ಮಿ ಬಿಟ್ರೆ ಮಳೆಗಾಲದಲ್ಲಿ ಮನೆಯವರೇ ಒಳಗೆ ಹೋಗಕ್ಕಾಗಲ್ಲ." ಅವಳು ಆ ಸಂದನ್ನು ಬೆರಳ ತುದಿಯಲ್ಲಿ ಕಲಿತಳು. ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ಜ್ವರದಲ್ಲಿ ಹೋದ. ಅಪ್ಪನೂ ಹೋದ. ಕೀಸುಳಿ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಮಗಳು ದೊಡ್ಡವಳಾಗಿ ಬಣ್ಣದ ಕಾರ್ಖಾನೆ ಸೇರಿದಳು. ಮೊಣಕೈಯವರೆಗೂ ನೀಲಿ ಬಣ್ಣದ ಕೈಗಳೊಡನೆ ಸಂಜೆ ಮನೆಗೆ ಬರುತ್ತಿದ್ದಳು.

ಇನ್ನು ಬೆನ್ನಾಟದ ವಿಷಯ.

ಮೇಲ್ಪೇಟೆಯ ಶ್ರೀಮಂತ ಮನೆತನದವರು ವರ್ಷಕ್ಕೊಮ್ಮೆ, ಮಳೆಗಾಲದ ಕೊನೆಯಲ್ಲಿ, ಈ ಆಟ ಆಡುತ್ತಿದ್ದರು. ಕೆಳಪೇಟೆಯ ಒಬ್ಬನನ್ನು ಆರಿಸಿ ಬೆಟ್ಟದ ಮೇಲಿನ ದೊಡ್ಡ ಬಾಗಿಲಿನಿಂದ ಓಡಲು ಬಿಡುವುದು. ಅವನು ಸಂತೆಬೀದಿ ದಾಟಿ, ಉದ್ದಗಲ್ಲಿ ಹಾದು, ಅದರಾಚೆಯ ಕಲ್ಲುಚೌಕ ಮುಟ್ಟಬೇಕು. ಹಿಂದಿನಿಂದ ಸವಾರರು ಕೊಂಬುಗುದುರೆಗಳ ಮೇಲೆ ಈಟಿ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಕೊಂಬುಗುದುರೆಯೆಂದರೆ ಆಳೆತ್ತರದ ಕಾಲು, ಹಣೆಯಲ್ಲಿ ಅಡ್ಡಕ್ಕೆ ಚಾಚಿದ ಜೋಡಿ ಕೊಂಬು. ಯಾರ ಈಟಿಗೆ ಮೊದಲು ರಕ್ತ ಹತ್ತುತ್ತದೋ ಅವನ ಮನೆತನಕ್ಕೆ ಆ ವರ್ಷ ಊರಿನ ಅಧಿಕಾರ. ಕಲ್ಲುಚೌಕದ ಮೆಟ್ಟಿಲುಗಳ ಮೇಲೆ ಅವರ ಹೆಂಗಸರು ಮಕ್ಕಳು ಕೊಡೆ ಬಿಚ್ಚಿಕೊಂಡು ಕಾಯುತ್ತಿದ್ದರು. ಬದುಕಿ ಅಲ್ಲಿಗೆ ಮುಟ್ಟಿದವರನ್ನು ಯಾರೂ ಕಂಡಿರಲಿಲ್ಲ. ಉದ್ದಗಲ್ಲಿ ಹಗ್ಗ ಎಳೆದಂತೆ ನೆಟ್ಟಗಿತ್ತು, ಎಲ್ಲೂ ತಿರುವಿರಲಿಲ್ಲ. ಹೆಚ್ಚಿನವರು ಅದರ ಬಾಯಲ್ಲೇ ಬೀಳುತ್ತಿದ್ದರು.

ಆಟಕ್ಕೆ ನಿಯಮಗಳಿದ್ದವು. ಸವಾರನ ಕಾಲು ಆಟ ಮುಗಿಯುವ ತನಕ ನೆಲ ಮುಟ್ಟಬಾರದು. ಮುಟ್ಟಿದರೆ ಅವನ ಮನೆತನ ಇನ್ನೆಂದೂ ಬೆನ್ನಾಟಕ್ಕೆ ಇಳಿಯುವಂತಿಲ್ಲ. ಬಿದ್ದವನ ರಕ್ತದಲ್ಲಿ ತನ್ನ ಈಟಿಯನ್ನೂ ಅದ್ದದೆ, ಒಣ ಈಟಿ ಹಿಡಿದು ಕಲ್ಲುಚೌಕಕ್ಕೆ ಹೋದವನಿಗೂ ಅದೇ ಗತಿ. ಇದನ್ನೆಲ್ಲ ಅವರು ಜೀವಕ್ಕಿಂತ ಹೆಚ್ಚಾಗಿ ಪಾಲಿಸುತ್ತಿದ್ದರು, ಯಾಕೆಂದರೆ ಒಬ್ಬ ತಪ್ಪಿದರೆ ಅವನ ಆಸ್ತಿಯನ್ನು ಹಂಚಿಕೊಳ್ಳಲು ಉಳಿದವರು ಬಾಯಿ ತೆರೆದುಕೊಂಡೇ ಇರುತ್ತಿದ್ದರು.

ಮೂರನೆಯ ನಿಯಮವನ್ನು ಅವರು ಕರುಣೆಯ ನಿಯಮ ಎಂದು ಕರೆಯುತ್ತಿದ್ದರು. ಓಡುವವನು ಬಾಗಿಲು ತೆರೆದಿರುವ ಮನೆಯೊಳಗೆ ಹೊಕ್ಕರೆ ಅವನನ್ನು ಮುಟ್ಟುವಂತಿಲ್ಲ. "ನಾವೇನು ಕಟುಕರೇ? ಅವರ ಜನವೇ ಬಾಗಿಲು ತೆರೆಯದಿದ್ದರೆ ನಾವೇನು ಮಾಡೋಣ?" ಎಂದು ಮೇಲ್ಪೇಟೆಯವರು ಹೇಳಿಕೊಳ್ಳುತ್ತಿದ್ದರು. ಆದರೆ ಆ ನಿಯಮಕ್ಕೊಂದು ಬಾಲವಿತ್ತು. ಆಟದ ಗಂಟೆ ಬಾರಿಸಿದ ಮೇಲೆ ಯಾರ ಮನೆಯ ಬಾಗಿಲು ತೆರೆದಿರುತ್ತದೋ, ಮುಂದಿನ ವರ್ಷ ಓಡುವವರು ಆ ಮನೆಯವರು.

ಹಾಗಾಗಿ ಎಲ್ಲರೂ ಅಗುಳಿ ಹಾಕಿಕೊಂಡು ಒಳಗೆ ಕೂರುತ್ತಿದ್ದರು. ಹೊರಗೆ ಒಬ್ಬ ಬಾಗಿಲಿಂದ ಬಾಗಿಲಿಗೆ ಬಡಿಯುತ್ತ ಓಡುವುದು ಕೇಳುತ್ತಿತ್ತು. ಆಮೇಲೆ ಕೇಳುತ್ತಿರಲಿಲ್ಲ.

ಗಲ್ಲಿಯ ಮೊದಲ ಮನೆಯ ಬಾಗಿಲಲ್ಲಿ ಒಂದು ತೂತಿತ್ತು. ಈಟಿ ತೂರಿದ ತೂತು. ಅದು ಗುಂಡಿಯಜ್ಜಿಯ ಮನೆ. ಅವಳು ಮೂಳೆಯಿಂದ ಅಂಗಿ ಗುಂಡಿ ಕೆತ್ತಿ ಮಾರುವವಳು. ವಯಸ್ಸಿನಲ್ಲಿದ್ದಾಗ ಅವಳ ಗಂಡನೇ ಒಮ್ಮೆ ಬೆನ್ನಾಟಕ್ಕೆ ಓಡಿದ್ದ. ಓಡಿ ಬಂದು ತನ್ನ ಮನೆಯ ಬಾಗಿಲನ್ನೇ ಬಡಿದಿದ್ದ. ಒಳಗೆ ಹೆಂಡತಿ ಕೂಸನ್ನು ಅಪ್ಪಿಕೊಂಡು ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದಳು. ಮುಂದಿನ ಸಲಕ್ಕೆ ಆ ಕೂಸನ್ನೂ ಬಿಡುವವರಲ್ಲ ಅವರು. ಅವಳು ಅಗುಳಿ ತೆಗೆಯಲಿಲ್ಲ. ಆಮೇಲೆ ಬಾಗಿಲಕ್ಕನ ಅಪ್ಪ ಹೋಗಿ, "ತೂತು ಮುಚ್ಚಿಕೊಡ್ತೀನಮ್ಮ, ಗೊತ್ತಾಗದ ಹಾಗೆ ಮಾಡ್ತೀನಿ," ಎಂದಿದ್ದನಂತೆ. ಬೇಡ ಎಂದಿದ್ದಳಂತೆ. ಅಂದಿನಿಂದ ಆ ಬಾಗಿಲಿಗೆ ಅವಳು ಯಾರ ಕೈಯನ್ನೂ ಹಾಕಗೊಡಲಿಲ್ಲ. ಪ್ರತಿ ಮಳೆಗಾಲವೂ ಅದು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುತ್ತಿತ್ತು. ಅಜ್ಜಿ ಮತ್ತು ಮೊಮ್ಮಗಳು ಹಿತ್ತಿಲ ಕಿಂಡಿಯಿಂದ ಓಡಾಡಿಕೊಂಡಿರುತ್ತಿದ್ದರು.

ಈಗ ಅಳಿಯನ ನಗು.

ಅಳಿಯ ದರ್ಜಿ. ಕೈಕೆಲಸ ಚೆನ್ನಾಗಿತ್ತು, ಬಾಯಿಗೆ ಮಾತ್ರ ಹೊಲಿಗೆ ಇರಲಿಲ್ಲ. ಮಗಳು ಅವನನ್ನು ತಾನೇ ಆರಿಸಿಕೊಂಡು ಮದುವೆಯಾದಾಗ ಬಾಗಿಲಕ್ಕ ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ಅವನ ನಗು ಹೊಟ್ಟೆಯಿಂದ ಹೊರಟು ಮೂಗಿನಲ್ಲಿ ಗೊರಕೆಯಾಗಿ ಕೊನೆಗೊಳ್ಳುತ್ತಿತ್ತು. ತಡೆಯಲು ಹೋದರೆ ಎರಡರಷ್ಟಾಗುತ್ತಿತ್ತು. "ಅಳಿಯಂದ್ರೇ, ನಿಮ್ಮ ನಗು ಒಂದು ದಿನ ನಿಮ್ಮನ್ನ ತಿಂದುಹಾಕತ್ತೆ ನೋಡಿ," ಎಂದು ಅವಳು ಬೈಯುತ್ತಿದ್ದಳು.

ಆ ವರ್ಷ ಅವನು ಮೇಲ್ಪೇಟೆಯ ಒಬ್ಬ ದೊಡ್ಡ ಮನುಷ್ಯನ ಮಗನಿಗೆ ಸವಾರಿಯ ಕೋಟು ಹೊಲಿದು ಕೊಡಲು ಹೋಗಿದ್ದ. ಹುಡುಗನ ಅಳತೆಗಿಂತ ಬಿಗಿಯಾಗಿ ಹೊಲಿಯಬೇಕೆಂದು ತಂದೆಯ ಹಟ. ಹುಡುಗ ಕೋಟು ತೊಟ್ಟು, ಮನೆಮಂದಿಯೆಲ್ಲ ನೋಡುತ್ತಿರುವಾಗ, ಕೊಂಬುಗುದುರೆ ಹತ್ತಲು ಕಾಲೆತ್ತಿದ. ಬೆನ್ನಿನ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೂ ಪರ್‍ರನೆ ಬಿಚ್ಚಿಕೊಂಡಿತು. ದರ್ಜಿಗೆ ನಗು ಬಂತು. ಗೊರಕೆಯೂ ಬಂತು.

ಮರುದಿನ ಬೆಳಗ್ಗೆ ಅವನ ಮನೆಯ ಚಿಲಕಕ್ಕೆ ಕೆಂಪು ಬಟ್ಟೆ ಕಟ್ಟಿತ್ತು.

ಮಗಳು ತಾಯಿಯ ಕೊಟ್ಟಿಗೆಗೆ ಬಂದಳು. ಅವಳು ಅಳುತ್ತಿರಲಿಲ್ಲ. ಆ ಕೆಂಪು ಬಟ್ಟೆಯನ್ನು ನೀಲಿ ಕೈಯಲ್ಲಿ ಮುದುರಿ ಹಿಡಿದಿದ್ದಳು. "ಅಮ್ಮ, ಊರು ಬಿಟ್ಟು ಓಡಿಹೋಗಿ ಅಂದ್ರೆ ಕೇಳ್ತಿಲ್ಲ. ಅವರು ತಪ್ಪಿಸ್ಕೊಂಡ್ರೆ ಬದಲಿಗೆ ನಾನು ಓಡಬೇಕಲ್ಲ, ಅದಕ್ಕೆ. ಹೊಸ ಬೂಟಿಗೆ ಎಣ್ಣೆ ಹಾಕ್ತಾ ಕೂತಿದಾರೆ."

"ಹೊಸ ಬೂಟು ಬೇಡ ಅನ್ನು, ಕಾಲು ಕಚ್ಚತ್ತೆ. ಹಳೇದೇ ಹಾಕ್ಕೊಳ್ಳಲಿ," ಎಂದಳು ಬಾಗಿಲಕ್ಕ. ಮಗಳ ಕೂದಲಿಗೆ ಅಂಟಿದ್ದ ಮರದ ಸುರುಳಿಯೊಂದನ್ನು ತೆಗೆದಳು.

ಬೆನ್ನಾಟದ ಹಿಂದಿನ ವಾರ ಬಾಗಿಲಕ್ಕನಿಗೆ ವರ್ಷದಲ್ಲೇ ಹೆಚ್ಚು ಕೆಲಸ. ಮಳೆಗೆ ಬಾಗಿಲುಗಳು ಉಬ್ಬಿರುತ್ತವೆ, ಸರಿಯಾಗಿ ಮುಚ್ಚುವುದಿಲ್ಲ, ಅಗುಳಿ ಕೂರುವುದಿಲ್ಲ. ಅವುಗಳನ್ನು ಕೀಲಿನಿಂದ ಬಿಡಿಸಿ, ಕೊಟ್ಟಿಗೆಗೆ ಹೊತ್ತು ತಂದು, ಅಡಿಯನ್ನೂ ಅಂಚನ್ನೂ ಕೀಸಿ, ಮತ್ತೆ ಕೂರಿಸಬೇಕು. ಗಂಟೆ ಬಾರಿಸುವಾಗ ತಮ್ಮ ಬಾಗಿಲು ಗಟ್ಟಿಯಾಗಿ ಮುಚ್ಚಿರಬೇಕೆಂದು ಗಲ್ಲಿಯವರೆಲ್ಲ ಒಟ್ಟಿಗೆ ಬರುತ್ತಿದ್ದರು. ಆ ಸಲವೂ ಬಂದರು. ಆದರೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಮೊದಲು ಬಂದವನು ಸೋಪು ಬೇಯಿಸುವವನು. ದೊಡ್ಡ ಹೊಟ್ಟೆ, ಸಣ್ಣ ಧೈರ್ಯ. ಎಲ್ಲರಿಗೂ ಸೋಪಿನಣ್ಣ. "ಅಕ್ಕ, ಅದು... ನಮ್ಮ ಬಾಗಿಲು ಕೆಳಗೆ ಉಜ್ಜತ್ತೆ. ಈ ಸಲ ನಿನಗೆ ಹೇಳಕ್ಕೇ ನಾಚಿಕೆ. ಆದ್ರೂ, ನೋಡು, ಮಕ್ಕಳೊಂದಿಗ. ಬೇಜಾರು ಮಾಡ್ಕೋಬೇಡ."

"ಇಲ್ಲ ಬಿಡು. ತಂದು ನಿಲ್ಲಿಸು."

ಅವನ ಬಾಗಿಲನ್ನು ಗೋಡೆಗೆ ಒರಗಿಸಿದಳು. ಪಕ್ಕದಲ್ಲಿ ಇನ್ನೊಂದು ಬಂತು, ಅದರ ಪಕ್ಕ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಾಗಿಲಕ್ಕ ಕೀಸುಳಿ ಹಿಡಿದು ಮೊದಲ ಬಾಗಿಲ ಮುಂದೆ ನಿಂತಳು. ಅದನ್ನು ಇನ್ನಷ್ಟು ಚೆನ್ನಾಗಿ ಮುಚ್ಚುವಂತೆ ಮಾಡಬೇಕು, ತನ್ನ ಅಳಿಯನ ಮುಖಕ್ಕೆ. ಕೈ ಏಳಲಿಲ್ಲ. ಅವಳು ಸುಮ್ಮನೆ ಗಲ್ಲಿಯ ಕಡೆ ನೋಡಿದಳು. ಅಲ್ಲಿ ಸಾಲಾಗಿ ಬಾಗಿಲಿಲ್ಲದ ಮನೆಗಳು. ಒಂದು ಮನೆಯೊಳಗಿಂದ ಬೆಕ್ಕು ಹೊರಬಂದು, ಎದುರು ಮನೆಯೊಳಗೆ ಹೋಗಿ, ಯಾರನ್ನೂ ಕೇಳದೆ ಒಲೆಯ ಪಕ್ಕ ಮಲಗಿತು.

ಬಾಗಿಲಕ್ಕ ಕೀಸುಳಿಯನ್ನು ಕೆಳಗಿಟ್ಟಳು.

ಸಂಜೆ ಬಾಗಿಲು ಒಯ್ಯಲು ಬಂದವರನ್ನೆಲ್ಲ ಅವಳು ಮರದ ದಿಮ್ಮಿಗಳ ಮೇಲೆ ಕೂರಿಸಿದಳು. "ಇವತ್ತು ಎಲ್ಲಾ ತಗೊಂಡು ಹೋಗಿ. ಆಟದ ದಿನ ಬೆಳಗ್ಗೆ ವಾಪಸ್ ತನ್ನಿ. ಗಂಟೆ ಬಾರಿಸಿದ್ಮೇಲೂ ಇಲ್ಲೇ ಇರಲಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದೊಡನೆ ಸೋಪಿನಣ್ಣ ಎದ್ದು ನಿಂತ. "ಅಕ್ಕಾ! ಬಾಗಿಲು ತೆರೆದಿದ್ದ ಮನೆಯವರು ಮುಂದಿನ ಸಲ ಓಡಬೇಕು. ನನ್ನ ನೋಡು. ನಾನು ಓಡೋ ಆಳೇನೇ? ನಾನು ಮೆಟ್ಟಿಲು ಹತ್ತಿದ್ರೆ ಮೆಟ್ಟಿಲಿಗೇ ಸುಸ್ತಾಗತ್ತೆ."

"ಒಂದು ಮನೆ ತೆರೆದಿದ್ರೆ ಆ ಮನೇನ ಹಿಡೀತಾರೆ. ಎಲ್ಲಾ ಮನೇನೂ ತೆರೆದಿದ್ರೆ?"

"ಎಲ್ಲರನ್ನೂ ಓಡಿಸ್ತಾರೆ."

"ಓಡಿಸಕ್ಕೆ ಸವಾರರು ಬೇಕಲ್ಲ," ಎಂದಳು ಬಾಗಿಲಕ್ಕ. ಮರದ ಚೂರೊಂದನ್ನು ತೆಗೆದುಕೊಂಡು ನೆಲದ ಹೊಟ್ಟಿನ ಮೇಲೆ ಗಲ್ಲಿಯನ್ನು ಗೀಚಿದಳು. "ನೋಡಿ. ಇಷ್ಟು ಅಗಲ ಗಲ್ಲಿ. ಆ ಕೊಂಬಿನ ಪ್ರಾಣಿ ಇದ್ರಲ್ಲಿ ತಿರುಗಲ್ಲ, ಅದಕ್ಕೆ ಹಿಂದ್ಹಿಂದಕ್ಕೆ ನಡೆಯಕ್ಕೂ ಬರಲ್ಲ. ಓಡೋನು ಒಂದು ಮನೆ ಒಳಗೆ ಹೋಗಿಬಿಟ್ರೆ ಅವರು ಮುಂದೆ ಹೋಗೋ ಹಾಗಿಲ್ಲ, ಈಟಿಗೆ ರಕ್ತ ಹತ್ತಿರಲ್ಲ. ಹಿಂದೆ ತಿರುಗೋ ಹಾಗಿಲ್ಲ. ಕೆಳಗೆ ಇಳಿಯೋ ಹಾಗಿಲ್ಲ. ಹಿಂದಿನವರೂ ನುಗ್ಗಿ ಬಂದಿರ್ತಾರೆ. ಎಲ್ಲಾ ಮನೆತನದವರೂ ನಮ್ಮ ಮನೆ ಮುಂದೆ ನಿಂತಿರ್ತಾರೆ. ನಿಂತಿರ್ಲಿ. ನಾವು ನಮ್ಮ ಕೆಲಸ ನೋಡ್ಕೊಳೋಣ."

ಯಾರೋ ಕೇಳಿದರು: "ನಿಮ್ಮ ಮನೆ ಬಾಗಿಲು ಒಂದನ್ನೇ ತೆರೆದಿಡಬಾರದಾ ಅಕ್ಕ?"

"ಇಡ್ತೀನಿ. ಆದ್ರೆ ನನ್ನದು ಕಡೇ ಮನೆ. ಇಲ್ಲೀವರೆಗೆ ಯಾರೂ ಬಂದಿಲ್ಲ."

ಒಬ್ಬೊಬ್ಬರಾಗಿ ಎದ್ದು ಬಂದು ನೆಲದ ಗೀಚನ್ನು ಬಗ್ಗಿ ನೋಡಿದರು. ಕೊನೆಗೆ ಸೋಪಿನಣ್ಣ ತನ್ನ ಬಾಗಿಲನ್ನು ಹೆಗಲಿಗೇರಿಸಿಕೊಂಡು ಹೊರಟ. ಹೊಸ್ತಿಲ ಬಳಿ ನಿಂತು, ಹಿಂದಿರುಗಿ ನೋಡದೆ, "ಬೆಳಗ್ಗೆ ಬೇಗ ತರ್ತೀನಿ. ಸಾಲಲ್ಲಿ ನಿಲ್ಲಕ್ಕೆ ನನಗಾಗಲ್ಲ," ಎಂದ.

ಒಬ್ಬಳು ಮಾತ್ರ ಒಪ್ಪಲಿಲ್ಲ. ಬಾಗಿಲಕ್ಕ ಹಿತ್ತಿಲ ಕಡೆಯಿಂದ ಗುಂಡಿಯಜ್ಜಿಯ ಮನೆಗೆ ಹೋದಳು. ಅಜ್ಜಿ ಕಿಟಕಿಯ ಬೆಳಕಿಗೆ ಕೂತು ಗುಂಡಿಗೆ ತೂತು ಕೊರೆಯುತ್ತಿದ್ದಳು. ಮೊಮ್ಮಗಳು ಕೊರೆದವನ್ನು ದಾರಕ್ಕೆ ಪೋಣಿಸುತ್ತಿದ್ದಳು.

"ವಿಷಯ ಗೊತ್ತಾಯ್ತು," ಎಂದಳು ಅಜ್ಜಿ, ತಲೆಯೆತ್ತದೆ. "ನನ್ನ ಬಾಗಿಲು ಬೇಡ."

"ಅಜ್ಜಿ, ನಿಮ್ಮದೇ ಮೊದಲನೇ ಮನೆ..."

"ಗೊತ್ತು ಕಣೇ! ಮೊದಲನೇ ಮನೆ ಅಂತ ನನಗೆ ನೀನು ಹೇಳ್ಬೇಕಾ?" ಅಜ್ಜಿಯ ಕೈಯಲ್ಲಿದ್ದ ಗುಂಡಿ ಸೀಳಿತು. ಅದನ್ನು ಬದಿಗೆಸೆದು ಬೇರೆ ಗುಂಡಿ ತೆಗೆದುಕೊಂಡಳು. "ಅವತ್ತು ತೆಗೀಲಿಲ್ಲ. ಇವತ್ತು ಯಾರಿಗೋ ತೆಗೆದ್ರೆ ಅವನಿಗೆ ನಾನೇನು ಹೇಳ್ಲಿ? ಹೋಗು. ನಿನ್ನ ಅಳಿಯ ಎರಡನೇ ಮನೆಗೆ ಹೋಗ್ಲಿ."

ಬಾಗಿಲಕ್ಕ ಒತ್ತಾಯ ಮಾಡಲಿಲ್ಲ. ಹೊರಡುವಾಗ ಒಳಗಿನಿಂದಲೇ ಆ ಬಾಗಿಲನ್ನೊಮ್ಮೆ ಮುಟ್ಟಿ ನೋಡಿದಳು. ಮಳೆ ಕುಡಿದು ಉಬ್ಬಿದ ಹಲಗೆ ದಾರಂದದೊಳಗೆ ಬೆಣೆ ಹೊಡೆದಂತೆ ಕೂತಿತ್ತು. ಉಗುರು ತೂರುವಷ್ಟೂ ಸಂದಿರಲಿಲ್ಲ.

ಆಟದ ಹಿಂದಿನ ದಿನ ಮೇಲ್ಪೇಟೆಯ ಆಳುಗಳು ಅಳಿಯನನ್ನು ಕರೆದೊಯ್ಯಲು ಬಂದರು. ಅವನು ಹಳೆಯ ಬೂಟನ್ನೇ ಹಾಕಿಕೊಂಡಿದ್ದ. ಮುಖ ಹಿಟ್ಟಿನಂತೆ ಬಿಳಿಚಿಕೊಂಡಿತ್ತು. ಬಾಗಿಲಕ್ಕ ಅವನ ಕಾಲರು ಸರಿಮಾಡುವ ನೆಪದಲ್ಲಿ ಹತ್ತಿರ ಹೋಗಿ, "ಎರಡನೇ ಮನೆ. ಬಡೀಬೇಡಿ, ಸುಮ್ನೆ ಒಳಗೆ ನುಗ್ಗಿ," ಎಂದಳು.

"ಅತ್ತೆ, ನೀವು ನನ್ನ ಕಾಲರು ಸರಿಮಾಡಿದ್ದು ಇದೇ ಮೊದಲು," ಎಂದ ಅವನು. ನಗಲು ನೋಡಿದ. ನಗು ಬರಲಿಲ್ಲ.

ಆಟದ ಬೆಳಗ್ಗೆ ಬಾಗಿಲುಗಳ ಮೆರವಣಿಗೆಯೇ ಬಂತು. ಗಂಡ ಮುಂದೆ, ಹೆಂಡತಿ ಹಿಂದೆ. ಅಪ್ಪ ಒಂದು ತುದಿ, ಮಗಳು ಇನ್ನೊಂದು ತುದಿ. ಸಾರುವವನು ತಮಟೆ ಹಿಡಿದು ಗಲ್ಲಿಯೊಳಗೆ ಬಂದಾಗ ಕೊಟ್ಟಿಗೆಯ ಹೊರಗೂ ಬಾಗಿಲುಗಳನ್ನು ಪೇರಿಸಿಯಾಗಿತ್ತು. ಅವನು "ಗಂಟೆಗೆ ಮುಂಚೆ ಎಲ್ಲರೂ ಬಾಗಿಲು..." ಎಂದು ಶುರುಮಾಡಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತಮಟೆಯನ್ನು ಕಂಕುಳಲ್ಲಿ ಇಟ್ಟುಕೊಂಡ.

"ಏನಮ್ಮ ಇದು?"

"ಮಳೆಗೆ ಉಬ್ಬಿದೆಯಪ್ಪ. ಕೀಸ್ತಾ ಇದೀನಿ. ಮುಚ್ಚಕ್ಕೇ ಬರದೆ ಇರೋ ಬಾಗಿಲಿಟ್ಕೊಂಡು ಮುಚ್ಚಿ ಮುಚ್ಚಿ ಅಂದ್ರೆ ಜನ ಏನು ಮಾಡ್ತಾರೆ?"

"ಗಂಟೆ ಬಾರಿಸೋದ್ರೊಳಗೆ ಹಾಕ್ತೀಯ ತಾನೆ?"

"ಕೈ ನಡೆದಷ್ಟು."

ಅವನೂ ಕೆಳಪೇಟೆಯವನೇ. ಅವನ ಮನೆಯೂ ಒಂದು ಗಲ್ಲಿಯಲ್ಲೇ ಇತ್ತು. ಅವನು ಬಾಗಿಲುಗಳ ರಾಶಿಯನ್ನು ಸ್ವಲ್ಪ ಹೊತ್ತು ನೋಡಿದ. "ನನ್ನ ಕಣ್ಣು ಈಚೆಗೆ ಸ್ವಲ್ಪ ಮಂಜು," ಎಂದು ಯಾರಿಗೂ ಅಲ್ಲದಂತೆ ಹೇಳಿ, ತಮಟೆ ಬಾರಿಸದೆ ಹೊರಟುಹೋದ.

ನಡು ಹಗಲಿಗೆ ಗಂಟೆ ಬಾರಿಸಿತು. ಬಾಗಿಲಕ್ಕ ತನ್ನ ಹೊಸ್ತಿಲ ಮೇಲೆ ನಿಂತಳು. ಮಗಳು ಪಕ್ಕದಲ್ಲಿ. ಅಲ್ಲಿಂದ ಗಲ್ಲಿಯ ಆ ತುದಿ ನೇರವಾಗಿ ಕಾಣುತ್ತಿತ್ತು. ಎರಡೂ ಕಡೆ ಕಪ್ಪು ಕಪ್ಪಾಗಿ ತೆರೆದ ಬಾಯಿಗಳು. ತುದಿಯಲ್ಲಿ, ಎಡಕ್ಕೆ, ಮುಚ್ಚಿದ ಒಂದೇ ಬಾಗಿಲು.

ಮೊದಲು ಕೇಳಿಸಿದ್ದು ಗೊರಸಿನ ಸದ್ದು. ಆಮೇಲೆ ಅಳಿಯ ಕಂಡ. ಓಡುತ್ತಿರಲಿಲ್ಲ, ಕುಂಟುತ್ತಿದ್ದ. ಸಂತೆಬೀದಿಯ ಕಲ್ಲುಹಾಸಿನ ಮೇಲೆ ಕಾಲು ಉಳುಕಿಸಿಕೊಂಡಿದ್ದ. ಗಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಒಂದು ಕಾಲನ್ನು ಎಳೆಯುತ್ತಿದ್ದ. ಹಿಂದೆ ಬೀದಿಯ ತಿರುವಿನಲ್ಲಿ ಕೊಂಬುಗಳು ಕಾಣಿಸಿಕೊಂಡವು. ಮೊದಲ ಮನೆಯ ಗೋಡೆ ಹಿಡಿದು ಅವನು ನಿಂತುಬಿಟ್ಟ. ಎರಡನೆಯ ಮನೆ ಅಲ್ಲೇ ಇತ್ತು. ಅಷ್ಟು ದೂರವೂ ಅವನಿಗೆ ಆಗುತ್ತಿರಲಿಲ್ಲ.

ಮಗಳು ಕಿರುಚಿದಳು. ಬಾಗಿಲಕ್ಕ ಓಡತೊಡಗಿದಳು, ತಾನು ಯಾಕೆ ಓಡುತ್ತಿದ್ದೇನೆಂದು ತಿಳಿಯದೆ.

ಆಗ ಆ ಮುಚ್ಚಿದ ಬಾಗಿಲು ನಡುಗಿತು.

ಒಳಗಿನಿಂದ ಅಗುಳಿ ತೆಗೆದ ಸದ್ದು ಬಾಗಿಲಕ್ಕನಿಗೆ ಅಷ್ಟು ದೂರದಿಂದಲೂ ಕೇಳಿಸಿತು, ಅಥವಾ ಕೇಳಿಸಿತೆಂದು ಅನ್ನಿಸಿತು. ಬಾಗಿಲು ಮತ್ತೆ ನಡುಗಿತು. ತೆರೆಯಲಿಲ್ಲ. ವರ್ಷಗಟ್ಟಲೆ ಕೀಸದ ಹಲಗೆ. ಒಳಗೆ ಒಬ್ಬ ಮುದುಕಿ, ಒಂದು ಪುಟ್ಟ ಹುಡುಗಿ ಎಳೆಯುತ್ತಿದ್ದಾರೆ. "ಕೆಳಗೆ! ಕೆಳಗೆ ಕಚ್ಚಿದೆ! ಕೆಳಗೆ ಒದೀರಿ ಅಳಿಯಂದ್ರೇ!" ಎಂದು ಬಾಗಿಲಕ್ಕ ಓಡುತ್ತಲೇ ಕೂಗಿದಳು. ಅವನಿಗೆ ಕೇಳಿಸಿತು. ಗೋಡೆ ಬಿಟ್ಟು ಬಾಗಿಲ ಮೇಲೆ ಬಿದ್ದ. ಉಳುಕಿದ ಕಾಲ ಮೇಲೆ ನಿಂತು, ನೋವಿಗೆ ಬೊಬ್ಬೆ ಹೊಡೆಯುತ್ತ, ಇನ್ನೊಂದು ಕಾಲಲ್ಲಿ ಹಲಗೆಯ ಅಡಿಗೆ ಒದ್ದ. ಒಮ್ಮೆ. ಮತ್ತೊಮ್ಮೆ. ಮೊದಲ ಸವಾರ ಈಟಿಯನ್ನು ಅವನ ಬೆನ್ನಿನ ಮಟ್ಟಕ್ಕೆ ತಗ್ಗಿಸಿದ.

ಮರ ಚೀರಿತು. ಬಾಗಿಲು ಒಳಕ್ಕೆ ಹಾರಿತು, ಅದರೊಡನೆ ಅಳಿಯನೂ. ಈಟಿ ಖಾಲಿ ದಾರಂದಕ್ಕೆ ಬಡಿದು ಮರದ ಚಕ್ಕೆ ಹಾರಿಸಿತು. ಕೊಂಬುಗುದುರೆ ಓಡಿದ ಓಟಕ್ಕೆ ನಿಲ್ಲಲಾರದೆ ಗಲ್ಲಿಯೊಳಕ್ಕೆ ನುಗ್ಗಿತು, ಅದರ ಹಿಂದೆ ಇನ್ನೊಂದು, ಮತ್ತೊಂದು, ಎಲ್ಲವೂ. ಮುಂದಿನವು ನಿಂತವು. ಹಿಂದಿನವು ಅವುಗಳ ಬೆನ್ನಿಗೆ ಮೂತಿ ಒತ್ತಿ ನಿಂತವು. ಕೊಂಬುಗಳು ಗೋಡೆಗೆ ತಾಗಿ ಗಡಗಡ ಎಂದವು. ಬಾಗಿಲಕ್ಕ ಪಕ್ಕಕ್ಕೆ ಸಿಕ್ಕಿದ ಮನೆಯೊಳಕ್ಕೆ ಸರಿದು ನಿಂತಳು.

ಆಟದ ತೀರ್ಪುಗಾರ ಕಡೆಯಲ್ಲಿ ಬಂದ. ಸಣಕಲು ಮನುಷ್ಯ, ಬಿಳಿ ಕೊಂಬುಗುದುರೆ. ದೂರದಿಂದಲೇ ಕತ್ತು ಚಾಚಿ ಮೊದಲ ಮನೆಯನ್ನು ನೋಡಿದ. ಹೊಸ್ತಿಲ ಮೇಲೆ ಗುಂಡಿಯಜ್ಜಿ ನಿಂತಿದ್ದಳು, ಕೈಯಲ್ಲಿ ಅಗುಳಿ ಹಿಡಿದು.

"ಬಾಗಿಲು ತೆರೆದಿದೆ. ಮುಟ್ಟುವಂತಿಲ್ಲ," ಎಂದ ತೀರ್ಪುಗಾರ ಒಲ್ಲದ ದನಿಯಲ್ಲಿ. "ಆದರೆ ಮುಂದಿನ ಓಟ ಈ ಮನೆಯವರದು."

"ಅದು ಹೇಗೆ?" ಗಲ್ಲಿಯ ನಡುವಿನಿಂದ ಸೋಪಿನಣ್ಣನ ದನಿ ಕೇಳಿತು. ಅವನು ತನ್ನ ಬಾಗಿಲಿಲ್ಲದ ದಾರಂದದಲ್ಲಿ ಹೊಟ್ಟೆ ಮುಂದೆ ಮಾಡಿ ನಿಂತಿದ್ದ. "ಸ್ವಾಮಿ, ಈ ಕಡೆ ಸ್ವಲ್ಪ ನೋಡಿ. ನಮ್ಮನೇದು ಬೆಳಗ್ಗೆಯಿಂದ ತೆರೆದಿದೆ. ಅಜ್ಜೀದು ಈಗ ತೆರೀತು. ಯಾರು ಮೊದಲು?"

"ನಿಮ್ಮದು ಎಲ್ಲಿ ಮೊದಲು?" ಎದುರು ಮನೆಯವಳು ಸೊಂಟಕ್ಕೆ ಕೈಯಿಟ್ಟಳು. "ನಾನು ನಿಮಗಿಂತ ಮುಂಚೆ ಬಾಗಿಲು ಕೊಟ್ಟು ಬಂದೆ. ಬಾಗಿಲಕ್ಕನ್ನ ಕೇಳಿ."

"ಮೊದಲು ಕೊಟ್ಟಿದ್ದು ನಾವು. ನೀವು ಮಧ್ಯೆ ತೂರಿದ್ದು!"

ನಲ್ಲಿಯ ಮುಂದೆ ಕೊಡಗಳ ಜಗಳ ಹತ್ತಿದಂತೆ ಇಡೀ ಗಲ್ಲಿಯಲ್ಲಿ ಜಗಳ ಹತ್ತಿತು. ಪ್ರತಿಯೊಂದು ದಾರಂದದಿಂದಲೂ ತಲೆಗಳು ಹೊರಬಂದವು, ಕೈಗಳು ಬೀಸಿದವು. ತೀರ್ಪುಗಾರ ಆ ಕಡೆ ಈ ಕಡೆ ನೋಡಿದ. ಕಣ್ಣು ಹಾಯುವ ತನಕ ಒಂದು ಮನೆಗೂ ಬಾಗಿಲಿರಲಿಲ್ಲ.

ಸವಾರರಿಗೆ ಆಗ ತಮ್ಮ ಸ್ಥಿತಿ ಅರ್ಥವಾಗತೊಡಗಿತು. ಮುಂದಿನವನು ಹಿಂದಕ್ಕೆ ಸರಿಯಿರಿ ಎಂದ. ಹಿಂದಿನವನು ನೀನು ಚೌಕಕ್ಕೆ ಹೋಗು ಎಂದ. "ಒಣ ಈಟಿ ಹಿಡಿದೇ? ನೀನು ಹೋಗು!" ಯಾರೂ ಹೋಗಲಿಲ್ಲ. ಯಾರೂ ಇಳಿಯಲಿಲ್ಲ. ಎಲ್ಲ ಮನೆತನದವರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು, ಯಾರ ಕಾಲು ಮೊದಲು ನೆಲ ಮುಟ್ಟುತ್ತದೆಂದು.

ಬಾಗಿಲಕ್ಕ ಮನೆಗಳ ಹಿತ್ತಿಲ ದಾರಿಯಲ್ಲಿ ತನ್ನ ಕೊಟ್ಟಿಗೆಗೆ ಹಿಂದಿರುಗಿ ಕೀಸುಳಿ ಹಿಡಿದಳು. ಬೆಳಗ್ಗೆ ಕೀಸುತ್ತಿದ್ದೇನೆಂದು ಸಾರುವವನಿಗೆ ಹೇಳಿದ್ದಳಲ್ಲ, ಆ ಮಾತು ಸುಳ್ಳಾಗಬಾರದು. ಸೋಪಿನಣ್ಣ ಒಲೆ ಹಚ್ಚಿದ. ಕೊಬ್ಬು ಕುದಿಯುವ ಹೊಗೆ ನೇರವಾಗಿ ಸವಾರರ ಮೂಗಿಗೇ ಏರಿತು. ಬಿಸಿಲು ಗಲ್ಲಿಯೊಳಗೆ ಇಳಿಯಿತು. ಪ್ರಾಣಿಗಳು ಜೊಲ್ಲು ಸುರಿಸಿದವು, ನೊಣಗಳು ಬಂದವು. ಹೆಂಗಸರು ಕೊಂಬಿನಿಂದ ಕೊಂಬಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕೋಣವೇ ಎಂದು ಸವಾರರಿಗೆ ಕೇಳುವಂತೆಯೇ ಮಾತಾಡಿಕೊಂಡರು.

ಗುಂಡಿಯಜ್ಜಿಯ ಮನೆಯ ಎದುರಿಗೇ ಸಿಕ್ಕಿಕೊಂಡಿದ್ದವನು ಕೋಟಿನ ಹುಡುಗ, ಬಿಚ್ಚಿದ ಬೆನ್ನನ್ನು ಅಷ್ಟೇ ಬಿಗಿಯಾಗಿ ಮತ್ತೆ ಹೊಲಿಸಿಕೊಂಡು ಬಂದಿದ್ದ. ಅವನ ತಂದೆ ಅವನ ಮುಂದೆ ಇದ್ದ. ಬಹಳ ಹೊತ್ತಾದ ಮೇಲೆ ಹುಡುಗ ಒಣ ತುಟಿ ನೆಕ್ಕಿಕೊಂಡು, "ಅಜ್ಜಿ, ಸ್ವಲ್ಪ ನೀರು," ಎಂದ.

ಅಜ್ಜಿ ಅವನನ್ನು ನೋಡಿದಳು. ಅವನ ಈಟಿಯನ್ನು ನೋಡಿದಳು. "ನೀರು ಒಳಗಿದೆ. ಬಾಗಿಲು ತೆರೆದಿದೆ. ಇಳಿದು ಬಂದು ಕುಡಿ."

ಹುಡುಗ ತಂದೆಯ ಬೆನ್ನನ್ನು ನೋಡಿದ. ತಂದೆ ತಿರುಗದೆಯೇ "ಇಳಿದರೆ ನೀನು ನನ್ನ ಮಗನಲ್ಲ!" ಎಂದು ಗುಡುಗಿದ. ಹುಡುಗ ಮತ್ತೂ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಈಟಿಯನ್ನು ಗೋಡೆಗೆ ಒರಗಿಸಿ, ಕಾಲೆತ್ತಿ, ಇಳಿಯಲು ಬಾಗಿದ.

ಬೆನ್ನಿನ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೂ ಪರ್‍ರನೆ ಬಿಚ್ಚಿಕೊಂಡಿತು.

ಆಮೇಲೆ ಅಜ್ಜಿಯ ಮನೆಯೊಳಗಿನಿಂದ ಹೊಟ್ಟೆಯಲ್ಲಿ ಹುಟ್ಟಿದ ನಗುವೊಂದು ಬಂತು, ಬಂದು ಮೂಗಿನಲ್ಲಿ ಗೊರಕೆಯಾಗಿ ಮುಗಿಯಿತು. ಗಲ್ಲಿಯ ಆ ತುದಿಯಲ್ಲಿ ಬಾಗಿಲಕ್ಕನ ಕೀಸುಳಿ ನಿಂತಿತು. "ನಮ್ಮೋರೇ!" ಎಂದಳು ಮಗಳು. ಬಾಗಿಲಕ್ಕ ಹಲಗೆಯ ಮೇಲೆ ತಲೆಯಿಟ್ಟು ನಗತೊಡಗಿದಳು, ಕಣ್ಣಲ್ಲಿ ನೀರು ಸುರಿಯುವ ತನಕ. ನಗು ಮನೆಯಿಂದ ಮನೆಗೆ ಹಬ್ಬಿತು. ಅದನ್ನು ತಡೆಯಲು ಯಾವ ಮನೆಗೂ ಬಾಗಿಲಿರಲಿಲ್ಲ. ಕೊನೆಗೆ ಆ ಹುಡುಗನೂ, ನೀರಿನ ಲೋಟ ಹಿಡಿದು, ಬರಿ ಬೆನ್ನಿಗೆ ಗಾಳಿ ತಾಗಿಸಿಕೊಂಡು, ನಕ್ಕುಬಿಟ್ಟ.

ಒಬ್ಬ ಇಳಿದ ಮೇಲೆ ಉಳಿದವರಿಗೂ ಮೈ ನೋವು ನೆನಪಾಯಿತು. ಮುದಿ ಸವಾರನೊಬ್ಬ ಮೂತ್ರಕ್ಕೆ ಹೋಗಲೇಬೇಕೆಂದು ಜಾರಿದ. ಅವನನ್ನು ಬೈಯಲು ಬಾಗಿದ ಇನ್ನೊಬ್ಬ ಆಯ ತಪ್ಪಿ ಬಿದ್ದ. ಹೊತ್ತು ಇಳಿಯುವ ಮುಂಚೆ ಎಲ್ಲರ ಬೂಟುಗಳೂ ಉದ್ದಗಲ್ಲಿಯ ನೆಲದ ಮೇಲಿದ್ದವು, ಹುಡುಗನ ತಂದೆಯವು ಎಲ್ಲಕ್ಕಿಂತ ಕೊನೆಗೆ. ಪ್ರಾಣಿಗಳನ್ನು ಹಿಡಿದುಕೊಂಡು, ಒಬ್ಬರ ಹಿಂದೆ ಒಬ್ಬರಾಗಿ, ಬಾಗಿಲಿಲ್ಲದ ಮನೆಗಳ ಮುಂದೆ ತಲೆ ತಗ್ಗಿಸಿ ನಡೆದು ಹೋದರು. ತೀರ್ಪುಗಾರ ನಿಂತು ಲೆಕ್ಕ ಹಾಕಿದ: ಬೆನ್ನಾಟಕ್ಕೆ ಇಳಿಯುವ ಹಕ್ಕಿದ್ದ ಮನೆತನ ಒಂದೂ ಉಳಿದಿರಲಿಲ್ಲ. ನಿಯಮ ಅವರದೇ.

ಮುಂದಿನ ಮಳೆಗಾಲದ ಕೊನೆಯಲ್ಲಿ ಗಂಟೆ ಬಾರಿಸಲಿಲ್ಲ. ಕೊಂಬುಗುದುರೆಗಳನ್ನು ಮಾರಿಬಿಟ್ಟರು, ಒಂದು ಈಗ ಬಾಗಿಲಕ್ಕನ ಕೊಟ್ಟಿಗೆಗೆ ಮರದ ಗಾಡಿ ಎಳೆಯುತ್ತದೆ. ಅಳಿಯ ಅದಕ್ಕೂ ಒಂದು ಕೋಟು ಹೊಲಿಯುತ್ತೇನೆ ಎನ್ನುತ್ತಿರುತ್ತಾನೆ.

ಆದರೆ ಬಾಗಿಲಕ್ಕ ನೆನೆಸಿಕೊಳ್ಳುವುದು ಆಟದ ಮರುದಿನವನ್ನು. ಅಂದು ಬೆಳಗ್ಗೆ ಗುಂಡಿಯಜ್ಜಿ ಮೊಮ್ಮಗಳೊಡನೆ ಬಾಗಿಲು ಹೊತ್ತು ತಂದಳು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಳಿಯ ಎದ್ದು ಒಂದು ತುದಿ ಹಿಡಿಯಲು ಹೋದ, ಹೋಗುತ್ತಲೇ, "ಅಜ್ಜಿ, ನಾನು ಒದ್ದೆ ನೋಡಿ, ಆ ಒದೆ..." ಎಂದು ಶುರುಮಾಡಿದ.

"ಒದ್ದಿದ್ದು ಸಾಕು ಅಳಿಯಂದ್ರೇ, ನೆಟ್ಟಗೆ ಹಿಡ್ಕೊಳಿ," ಎಂದಳು ಬಾಗಿಲಕ್ಕ.

ಅವಳು ಈಟಿಯ ತೂತಿನ ಸುತ್ತ ಬೆರಳಾಡಿಸಿದಳು. "ಮುಚ್ಚಲಾ ಅಜ್ಜಿ?"

"ಇರ್ಲಿ ಬಿಡು. ಯಾರು ಬಂದ್ರು ಅಂತ ಇವಳು ಅದರಲ್ಲಿ ನೋಡ್ತಾಳೆ."

"ಅಗುಳಿ?"

ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅದನ್ನು ತೆಗೆದು ಮರದ ಚೂರುಗಳ ಬುಟ್ಟಿಗೆ ಹಾಕಿದಳು. "ಒಲೆಗೆ ಆಗತ್ತೆ."

ಬಾಗಿಲಕ್ಕ ಕೀಸತೊಡಗಿದಳು. ಅಪ್ಪ ಹೇಳಿಕೊಟ್ಟಷ್ಟು ಸಂದು ಬಿಟ್ಟಳು. ನಿಂತು ನೋಡಿ, ಇನ್ನೂ ಒಂದು ಸುರುಳಿ ತೆಗೆದಳು. ಇಲಿ ಬಂದರೆ ಬರಲಿ. ಬಾಗಿಲನ್ನು ಅಜ್ಜಿಯ ಮನೆಗೆ ಒಯ್ದು ಕೀಲಿಗೆ ಕೂರಿಸಿದ ಮೇಲೆ ಮೊಮ್ಮಗಳನ್ನು ಕರೆದು, "ಒಂದೇ ಬೆರಳಲ್ಲಿ ತಳ್ಳು ಪುಟ್ಟಿ," ಎಂದಳು.

ಹುಡುಗಿ ಒಂದು ಬೆರಳು ಚಾಚಿದಳು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.